ಜಗಲಿ ಏರಿದ ಸಿಪಾಯಿ

ಮಾನಮಿ ಅಮಾಸಿ ಹತ್ರ ಬಂತಂದ್ರ ನಮ್ಮ ಮನ್ಯಾಕಿ ದೇವರ ಮನಿ ಜಗಲಿ ಮ್ಯಾಲಿನ ದೇವರನ್ನೆಲ್ಲಾ ಒಂದು ಹರಿವಾಣದಾಗ ಇಳಿಸಿ, ನನ್ನ ಕೈಯಾಗ ಒಂದು ಉಂಡಿ ಹುಣಸಿಹಣ್ಣು ಇಟ್ಟು, "ತಿಕ್ರಿ" ಅಂತಾಳ. ಅಷ್ಟ. ರಿಟೈರ್ ಆದ ಬಸ್ ಕಂಡಕ್ಟರಗ ಮನ್ಯಾಗ ಇದಕ್ಕಿಂತ ದೊಡ್ಡ ಹುದ್ದೆ ಯಾರೂ ಕೊಡೂದಿಲ್ರಿ. ನಾನೂ ಪಡಸಾಲ್ಯಾಗ ಕಾಲು ಚಾಚಿ ಕುಂತು ಒಬ್ಬೊಬ್ಬರನ್ನ ತಿಕ್ಕತೇನಿ. ಮೊದಲು ಎಲ್ಲಮ್ಮ, ಆಮ್ಯಾಲ ಬೀರಪ್ಪ, ಅವರ ಹಿಂದ ನಮ್ಮ ಹಿರ್ಯಾರ ಟಾಕುಗೋಳು.

ಟಾಕು ಅಂದ್ರ ನಿಮಗ ಗೊತ್ತಿರಬೇಕು, ಇಲ್ಲಂದ್ರ ಹೇಳತೇನಿ. ಮನ್ಯಾಗಿನ ಹಿರ್ಯಾರು ಸತ್ತ ಮ್ಯಾಲ ಅಂಗೈಗಿಂತ ಸಣ್ಣದೊಂದು ಬೆಳ್ಳಿ ತಗಡಿನ ಮ್ಯಾಲ ಅವರ ಮೂರ್ತಿ ಬಡದು ಎಬ್ಬಿಸಿ ಜಗಲಿಗೆ ಕೂಡಸ್ತೇವಿ. ಅಲ್ಲಿಂದ ಮುಂದ ಅವರು ದೇವರು. ನಮ್ಮ ಮನಿತನದಾಗ ಇದಕ್ಕೊಂದು ಪದ್ಧತಿ ಐತಿ. ಮಕ್ಕಳು ಮರಿ ಕಂಡು ಸತ್ತವರಾದ್ರ ಗಂಡ ಹೇಣ್ತಿ ಇಬ್ಬರದೂ ಜೋಡಿ ಮೂರ್ತಿ. ಮಕ್ಕಳಿಲ್ಲದ ಸತ್ತ ಗಂಡಸಾದ್ರ ಅವನೊಬ್ಬನ, ಕುದುರಿ ಮ್ಯಾಲ, ಕೈಯಾಗ ಕತ್ತಿ ಹಿಡಕೊಂಡು. ಅಮಾಸಿ ದಿನ ಟಾಕಿನ್ಯಾಗ ಯಾರ್ಯಾರು ಅದಾರೋ ಅವರಿಗೆ ಒಂದೊಂದು ತಾಟು ಊಟ ಮುಂದ ಇಡ್ತೇವಿ. ಅದಕ್ಕ ಎಡಿ ಹಿಡಿಯೂದು ಅಂತೇವಿ. ಎಡಿ ಇಟ್ಟ ಮ್ಯಾಲ ಮನಿ ಹಿರ್ಯಾ ಒಬ್ಬೊಬ್ಬರ ಹೆಸರು ಹಿಡದು, "ಏಳ್ರಿ, ಉಣ್ಣಾಕ ಬರ್ರಿ" ಅಂತ ಕರೀಬೇಕು. ಜೀವನಪೂರ್ತಿ "ಸಿಂದಗಿ, ಸಿಂದಗಿ, ಯಾರ್ರೀ ಸಿಂದಗಿ" ಅಂತ ಒದರಿದಾಂವ ನಾ, ನನಗ ಇದು ಸಲೀಸ ಕೆಲಸ. ನಾ ಕರದ್ರ ನಮ್ಮ ಹಿರ್ಯಾರಷ್ಟ ಅಲ್ಲ, ಆಜೂಬಾಜೂ ಮನಿಯವರ ಹಿರ್ಯಾರೂ ಎದ್ದು ಬರ್ತಾರ.

ಈಗ ವಿಷಯಕ್ಕ ಬರ್ತೇನಿ. ನಮ್ಮ ಭೀಮಜ್ಜ, ಅಂದ್ರ ನಮ್ಮಪ್ಪನ ಅಪ್ಪ, ಕುದುರಿ ಮ್ಯಾಲ ಇದ್ದ. ತಲೀಗೆ ಪಟಗಾ, ಕೈಯಾಗ ಕತ್ತಿ, ತಿರುವಿದ ಮೀಸಿ. "ಏನೋ ಮಾರಾಯಾ, ಮಕ್ಕಳಿಲ್ಲದವನ ಟಾಕನ್ನ ಮೊಮ್ಮಗ ಕುಂತು ತಿಕ್ಕಾಕತ್ತಾನಲ್ಲ" ಅಂತ ನೀವು ಕೇಳಬೇಕು. ಕೇಳ್ರಿ. ಕೇಳ್ಲಿ ಅಂತನ ಇಷ್ಟು ಹೇಳಿದ್ದು.

ಅದು ದೊಡ್ಡ ಯುದ್ಧದ ಕಾಲ. ನಮ್ಮೂರು ಸಿಂದಗಿ ತಾಲೂಕಿನಾಗ. ಕುರಿ ಕಾಯೂದು, ಎರಿ ಹೊಲದಾಗ ಬಿಳಿಜೋಳ ಬಿತ್ತೂದು, ಕಂಬಳಿ ನೇಯೂದು, ಇಷ್ಟ ನಮ್ಮ ಮಂದಿ ಕಸುಬು. ಅಜ್ಜ ಹರೇದ ಹುಡುಗ. ಲಗ್ನ ಆಗಿ ಹಂದರದ ತೊಪ್ಪಲ ಇನ್ನೂ ಒಣಗಿದ್ದಿಲ್ಲ. ದೇವರ ಹಿಪ್ಪರಗಿ ಸಂತಿಗೆ ಕಂಬಳಿ ಮಾರಾಕ ಅಂತ ಹೋದಾಂವ, ಅಲ್ಲಿ ಭರ್ತಿ ಮಾಡ್ಕೊಳ್ಳಾಕ ಬಂದ ಪಲ್ಟನ್ನಿನವರ ಕೈಯಾಗ ಸಿಕ್ಕ. ಮಾರದ ಉಳಿದ ಕಂಬಳಿ ಯಾರೋ ಮನೀಗೆ ತಂದು ಮುಟ್ಟಿಸಿದ್ರು. ಅಜ್ಜ ಬರಲಿಲ್ಲ.

ಮೊದಮೊದಲು ಯಾರ್ಯಾರೋ ಬಂದು, "ಭೀಮಪ್ಪ ಆರಾಮದಾನಂತ" ಅಂತ ಹೇಳಿ ರೊಟ್ಟಿ ಉಂಡು ಹೋಗ್ತಿದ್ರಂತ. ಬರಬರತಾ ಅದೂ ನಿಂತಿತು. ಬರ್ಮಾದಾಗ ಜಪಾನಿ ಮಂದಿ ಹೊಕ್ಕಾರ, ಅಲ್ಲಿದ್ದವರೆಲ್ಲಾ ಅಡವಿ ಪಾಲಾಗ್ಯಾರ ಅನ್ನೂ ಸುದ್ದಿ ಅಷ್ಟ ಬಂತು. ಅಜ್ಜನ ಅವ್ವ ದ್ಯಾಮವ್ವ ಗಟ್ಟಿ ಹೆಣ್ಮಗಳು. ಒಂದು ವರ್ಷ ಅತ್ಳು, ಇನ್ನೊಂದು ವರ್ಷ ದಾರಿ ನೋಡಿದ್ಳು, ಅದರ ಮುಂದಿನ ಮಾನಮಿ ಅಮಾಸಿಗೆ, "ನನ್ನ ಮಗ ಎಲ್ಲಿ ಸತ್ತಾನೋ ಏನೋ, ಉಪಾಸ ಅಡ್ಯಾಡಬಾರದು. ಅವಂಗೊಂದು ಎಡಿ ಹಿಡೀಬೇಕು" ಅಂದ್ಳು. ಎಡಿ ಹಿಡೀಬೇಕಂದ್ರ ಟಾಕು ಬೇಕು. ಬಸವನ ಬಾಗೇವಾಡಿಗೆ, ಬೆಳ್ಳಿ ಬಂಗಾರ ಬಡಿಯೂ ಪತ್ತಾರನ ಕಡೆ ಹೋದ್ರು. ಪತ್ತಾರ ಕೇಳಿದ್ದು ಒಂದ ಮಾತು: "ಮಕ್ಕಳದಾವೇನು?" ಇಲ್ಲಂದ್ರು. ಕುದುರಿ ಹತ್ತಿಸಿ ಕಳಿಸಿದ.

ಸೊಸಿ ಪಾರವ್ವ, ಅಂದ್ರ ನಮ್ಮಜ್ಜಿ, ಆಗ ಹೆಚ್ಚು ಮಾತಾಡದ ಹುಡುಗಿ. ಆದ್ರೂ ಅವತ್ತು ಅತ್ತಿ ಮುಂದ ನಿಂತು, "ಟಾಕು ನಿಮ್ಮ ಮಗಂದು, ಬೇಕಾದಂಗ ಮಾಡಿಸ್ಕೋರಿ. ಬಳಿ ನನ್ನವು, ನಾ ಒಡಿಯೂದಿಲ್ಲ" ಅಂದ್ಳಂತ. ಊರ ಮಂದೀಗೆ ಅದೊಂದು ಮಜಾ ಆತು. ಗಂಡ ಜಗಲಿ ಮ್ಯಾಲ ದೇವರಾಗಿ ಕುಂತಾನ, ಹೇಣ್ತಿ ಕೈತುಂಬ ಹಸರ ಬಳಿ ಇಟಗೊಂಡು ಅವನ ಮುಂದ ಎಡಿ ಹಿಡೀತಾಳ.

ಮುಂದಿಂದು ನಮ್ಮ ಗಂಗತ್ತಿ, ಅಂದ್ರ ನಮ್ಮಪ್ಪನ ತಂಗಿ, ಹೇಳಿದ್ದು. ನನಗೂ ಸ್ವಲ್ಪ ಸಂಶಯ ಐತಿ, ಆದ್ರ ಇಷ್ಟು ಚಲೋ ಕತಿ ಕೆಡಸಾಂವ ನಾ ಅಲ್ಲ. ಯುದ್ಧ ಮುಗದ ಮ್ಯಾಲ ಇಂಡಿ ರೋಡ ಟೇಶನ್ನಿನಾಗ ಇಳದು, ಅಲ್ಲಿಂದ ನಡಕೋತ ಅಜ್ಜ ಮನೀಗೆ ಬಂದದ್ದು ಖರೆ ಖರೆ ಮಾನಮಿ ಅಮಾಸಿ ದಿನ, ನಡು ಮಧ್ಯಾಹ್ನ. ಜಗಲಿ ಮುಂದ ತಾಟು ಇಟ್ಟಾರ. ಹೋಳಿಗಿ, ಬದ್ನಿಕಾಯಿ ಪಲ್ಯ, ಅನ್ನ ಸಾರು. ಎಲ್ಲಾರೂ ಕಣ್ಣು ಮುಚ್ಚಿ ಕೈ ಮುಗದು ನಿಂತಾರ. ಹಸದು ಬಂದ ಅಜ್ಜ ತನ್ನ ಮುಂದ ತಾಟು ಕಂಡ, ಕುಂತ, ಉಂಡ. ದ್ಯಾಮವ್ವ ಕಣ್ಣು ತಗದು ನೋಡತಾಳ, ಎಡಿ ಖಾಲಿ. "ಯವ್ವಾ, ದೇವರು ಉಂಡ್ನಲ್ಲೇ!" ಅಂತ ಚಿಟ್ಟನ ಚೀರಿದ್ಳಂತ. ದೇವರು ಬಾಯಿ ಒರಸಿಕೋತ, "ಹೋಳಿಗಿ ಇನ್ನೊಂದು ಐತೇನಬೇ" ಅಂತ ಕೇಳಿದನಂತ.

ಈಗ ಟಾಕು ತಗೀಬೇಕಲ್ಲ? ಅಜ್ಜ ಜೀವಂತ ಅದಾನ. ದ್ಯಾಮವ್ವ ಒಪ್ಪಲಿಲ್ಲ. "ಜಗಲಿ ಏರಿದ ದೇವರನ್ನ ಯಾರರ ಇಳಸ್ತಾರೇನು? ಅಂವ ಕುಂತ ಮ್ಯಾಲ ಮಳಿ ಚಲೋ ಆಗೇತಿ, ಎಮ್ಮಿ ಈದೈತಿ, ಮಗ ಸೈತ ಹೊಳ್ಳಿ ಬಂದಾನ. ಸುಮ್ನಿರ್ರಿ" ಅಂದ್ಳು. ಮಗಾನ್ನ ಹೊಳ್ಳಿ ತಂದದ್ದು ಆ ಮಗನ ಟಾಕ ಅಂತ ಆಕಿ ಸಾಯೂತನಕ ನಂಬಿದ್ಳು. ಹಿಂಗಾಗಿ ನಮ್ಮಜ್ಜ ದಿನಾ ಮುಂಜಾನಿ ಜಳಕಾ ಮಾಡಿ, ವಿಭೂತಿ ಹಚ್ಚಿ, ತನ್ನ ಪೂಜಿ ತಾನ ಮಾಡ್ಕೋತಿದ್ದ. ಒಂದು ಸುಧಾರಣಾ ಅಷ್ಟ ತಂದ. ತನ್ನ ಎಡ್ಯಾಗ ಹೋಳಿಗಿ ಜೋಡಿ ಒಂದು ಕಪ್ಪು ಡಿಕಾಕ್ಷನ್ ಚಹಾ, ಎರಡು ಬಿಸ್ಕೀಟು ಇರಬೇಕು ಅಂದ. ಪಲ್ಟನ್ನಿನಾಗ ಹತ್ತಿದ ಚಟ. ಇವತ್ತಿಗೂ ನಾವು ಎಡಿಗೆ ಚಹಾ ಬಿಸ್ಕೀಟು ಇಡ್ತೇವಿ. ಹೊಸಾ ಬೀಗರು ನೋಡಿ, "ಇದ್ಯಾವ ದೇವರ್ರಿ ನಿಮ್ಮದು?" ಅಂತ ಕೇಳತಾರ.

ಅಜ್ಜಂದು ಇನ್ನೊಂದು ವಿಶೇಷ ಇತ್ತು. ಅಂವ ಎಂದೂ ಜೋರಾಗಿ ಮಾತಾಡಲಿಲ್ಲ. ನಮ್ಮ ಕಡಿ ಮಂದಿ ಗೊತ್ತಲ್ಲ, ಇಬ್ಬರು ನಿಂತು ಮಳಿ ಬೆಳಿ ಮಾತಾಡಿದ್ರ ಬೆಂಗಳೂರು ಕಡಿಯವರು ಜಗಳ ಬಿಡಸಾಕ ಬರ್ತಾರ. ಅಂಥಾ ಊರಾಗ ಅಜ್ಜ ಎತ್ತಿಗೂ ಪಿಸುಮಾತಿನ್ಯಾಗ ಹೇಳತಿದ್ದ. ಎತ್ತಿನ ಕಿವ್ಯಾಗ ಬಾಯಿ ಇಟ್ಟು, "ನಡೀಪಾ" ಅಂದ್ರ ಅದು ನಡೀತಿತ್ತು. ಜಗಲಿ ಮ್ಯಾಲಿನ ದೇವರು ಅಂದ ಮ್ಯಾಲ ಹಿಂಗ ಮಾತಾಡೂದು ಅಂತ ಊರ ಮಂದಿ ತಿಳಕೊಂಡಿದ್ರು. ಎಮ್ಮಿ ಕಳದವರು ಬಂದು, "ಯಜ್ಜಾ, ಎಲ್ಲೈತಿ ಹೇಳು" ಅಂದ್ರ, ಅಜ್ಜ ಮೆತ್ತಗ, "ಹುಡುಕ್ರಿ" ಅಂತಿದ್ದ. ಹುಡುಕಿದ್ರ ಸಿಗ್ತಿತ್ತು. ಅದಕ್ಕೊಂದು ಕಾಯಿ ಒಡೀತಿದ್ರು.

ಯುದ್ಧದ ಬಗ್ಗೆ ನಾ ಸಣ್ಣಾಂವಿದ್ದಾಗ ಕೇಳಿ ಕೇಳಿ ಸಾಕಾದೆ. "ಯಜ್ಜಾ, ಎಷ್ಟು ಮಂದೀನ ಹೊಡದಿ?" ಅಂದ್ರ, "ನಡದ್ವಿ" ಅಂತಿದ್ದ. "ಬಂದೂಕ ಇತ್ತೇನು?" ಅಂದ್ರ, "ಭಾಳ ನಡದ್ವಿ" ಅಂತಿದ್ದ. ಅಷ್ಟ ಅವನ ಯುದ್ಧ. ನಾ ಸಾಲ್ಯಾಗ ಹೇಳಾಕ ಇದು ಸಾಲ್ತಿದ್ದಿಲ್ಲ. ಅದಕ್ಕ ಅಜ್ಜ ಕುದುರಿ ಮ್ಯಾಲ ಕುಂತು ಕತ್ತಿ ಬೀಸಿ ಜಪಾನಿಗಳನ್ನ ಸಮುದ್ರದತನಕ ಓಡಿಸಿಕೊಂಡು ಹೋದ ಅಂತ ಹೇಳಿದೆ. ನಂಬದವರನ್ನ ಮನೀಗೆ ಕರಕೊಂಡು ಬಂದು ಟಾಕು ತೋರಿಸಿದೆ. ಬೆಳ್ಳಿ ಮ್ಯಾಲ ಇದ್ದದ್ದು ಸುಳ್ಳಾಗಲಿಕ್ಕೆ ಸಾಧ್ಯ ಐತೇನು?

ಅಜ್ಜ ಬಂದ ಮರು ವರ್ಷ ನಮ್ಮಪ್ಪ ಹುಟ್ಟಿದ, ಅವನ ಬೆನ್ನಿಗೆ ಗಂಗತ್ತಿ. ಅಜ್ಜ ಮುದುಕನಾಗಿ ಖರೇನ ಸತ್ತಾಗ ಟಾಕು ಮಾಡಸೂ ಕೆಲಸ ಉಳಿದಿದ್ದಿಲ್ಲ, ಅದು ಮೊದಲ ಆಗಿತ್ತು. ಆಮ್ಯಾಲ ಅಜ್ಜಿ ಹೋದ್ಳು. ಆಕೀನ್ನ ಎಲ್ಲಿ ಕೂಡಸಬೇಕು? ಕುದುರಿ ಮ್ಯಾಲ ಜಾಗಾ ಇಲ್ಲ. ನಮ್ಮಪ್ಪ, "ನೋಡೂಣು, ನೋಡೂಣು" ಅನ್ಕೋತ ತಾನೂ ಹೋಗಿಬಿಟ್ಟ. ಅಪ್ಪಂದು ನಮ್ಮವ್ವಂದು ಜೋಡಿ ಟಾಕು ನಾನ ಮಾಡಿಸಿದೆ. ಅಜ್ಜೀದು ಹಂಗ ಉಳೀತು. ಖರೆ ಹೇಳಬೇಕಂದ್ರ, ಅದು ಯಾರಿಗೂ ನೆನಪಾಗಲಿಲ್ಲ.

ಗಂಗತ್ತಿಗೆ ನೆನಪಿತ್ತು. ಆಕೀನ್ನ ಕೊಟ್ಟದ್ದು ಮುದ್ದೇಬಿಹಾಳಕ್ಕ. ಹೋದ ವರ್ಷ ಮಾನಮಿ ಮುಂದ ಫೋನ್ ಮಾಡಿದ್ಳು.

"ಬಸೂ, ನಮ್ಮವ್ವ ಎಷ್ಟು ಹಿರ್ಯಾರಿಗೆ ಎಡಿ ಹಿಡದಾಳೋ ಲೆಕ್ಕಿಲ್ಲ. ಆಕಿಗೆ ಒಂದು ತಾಟು ಇಲ್ಲಲ್ಲೋ ನಿನ್ನ ಮನ್ಯಾಗ?"

"ಅತ್ತಿ, ಟಾಕು ಇಲ್ಲಲ್ಲ, ಅದಕ್ಕ..."

"ಅದಕ್ಕ ಹೇಳಾಕತ್ತೇನಿ, ಮಾಡಸು. ಈ ಅಮಾಸಿಗೆ ಬರ್ತೇನಿ. ನಮ್ಮವ್ವ ನಮ್ಮಪ್ಪನ ಬಾಜೂಕ ಇರಬೇಕು. ಇಲ್ಲಂದ್ರ ನಿನ್ನ ಮನ್ಯಾಗ ಒಂದು ತುತ್ತು ಮುಟ್ಟೂದಿಲ್ಲ. ಬಂದ ಬಸ್ಸಿಗೇ ಹೊಳ್ಳಿ ಹೋಗ್ತೇನಿ, ಟಿಕೇಟೂ ತಗಸೂದಿಲ್ಲ."

ನಾ ನಕ್ಕೆ. ಆ ಕಡಿಯಿಂದ ನಗಿ ಬರಲಿಲ್ಲ. ಅತ್ತಿ, "ಮೊಣಕಾಲು ಹಿಡದಾವೋ, ಕಣ್ಣೂ ಮಂಜಾಗ್ಯಾವ. ಇದ ಕಡೀ ಸಲ ಬರೂದು ಅನ್ನಸ್ತೈತಿ ನನಗ. ಅವ್ವ ಹಸದು ಕುಂತಾಳ ಅನ್ನಸ್ತೈತಿ" ಅಂತ ಅತ್ಳು. ನನಗ ಭಾಳ ಕೆಟ್ಟ ಅನಿಸ್ತು. ನಮ್ಮ ಮನ್ಯಾಕಿ ಒಳಗಿಂದ, "ಎಷ್ಟು ವರ್ಷ ಆತ್ರಿ, ಒಮ್ಮೆರೆ ತಲ್ಯಾಗ ಬಂತೇನು ನಿಮಗ?" ಅಂತ ನನ್ನ ಕಡಿ ನೋಡಿದ್ಳು. ಮರುದಿನ ಅಜ್ಜನ್ನ ಅರಿವ್ಯಾಗ ಸುತ್ತಿ ಕಿಸೇದಾಗ ಇಟ್ಟುಕೊಂಡು ಬಾಗೇವಾಡಿ ಬಸ್ ಹತ್ತಿದೆ.

ಅಲ್ಲಿ ಈಗ ಮೌನೇಶ ಪತ್ತಾರ ಅದಾನ. ಮೊದಲಿನ ಟಾಕು ಬಡದವನ ಮೊಮ್ಮಗ. ಅಂವ ಅಜ್ಜನ್ನ ಬೆಳಕಿಗೆ ಹಿಡದು ತಿರುವಿ ನೋಡಿ, "ಒಂಟಿ ಟಾಕಿಗೆ ಹೆಣ್ಮಗಳನ್ನ ಸೇರಸಾಕ ಬರೂದಿಲ್ರಿ. ಕರಗಿಸಿ ಹೊಸದು ಬಡೀಬೇಕು. ಜೋಡಿ ಟಾಕು ಅಂದ್ರ ಹಿರ್ಯಾರು ಹ್ಯಾಂಗ ಬದುಕಿದ್ರೋ ಹಂಗ ಮಾಡ್ತೇವಿ. ಒಕ್ಕಲತನ ಮಾಡಿದವರ ಬಾಜೂಕ ಎತ್ತು, ಕುರಿ ಕಾಯ್ದವರ ಬಾಜೂಕ ಕುರಿ. ನಿಮ್ಮಜ್ಜಾರು ಪಲ್ಟನ್ನಿನಾಗ ಏನು ಹತ್ತಿದ್ರು?" ಅಂದ.

"ಕುದುರೀನರಿ ಮತ್ತ. ಅಲ್ಲೇ ಐತಲ್ಲ."

"ಇದು ನಮ್ಮಜ್ಜ ಹತ್ತಿಸಿದ್ದು. ಅವರು ಹತ್ತಿದ್ದು ಕೇಳಾಕತ್ತೇನಿ. ಆಣಿ ಮಾಡ್ತೀರೇನು?"

ಟಿಕೇಟಿಲ್ಲದವರನ್ನ ಹಿಡದಾಗ ನಾ ಹ್ಯಾಂಗ ನೋಡ್ತಿದ್ನೋ ಹಂಗ ಅಂವ ನನ್ನ ನೋಡಿದ. "ಕೇಳಿ ಬರ್ರಿ. ದೇವರ ವಾಹನ ನಾ ಅಂದಾಜಿನ ಮ್ಯಾಲ ಬಡಿಯೂದಿಲ್ಲ" ಅಂದ.

ಯಾರನ್ನ ಕೇಳಬೇಕ್ರಿ? ಅತ್ತಿಗೆ ಫೋನ್ ಮಾಡಿದ್ರ ಆಕಿಗೂ ಗೊತ್ತಿದ್ದಿಲ್ಲ. ಕಾಗದ ಅಂತೂ ಒಂದೂ ಇಲ್ಲ. ದ್ಯಾಮವ್ವ ಅವನ್ನೆಲ್ಲಾ ಒಲಿ ಹೊತ್ತಸಾಕ ಹಾಕಿದ್ಳು. ಆಗ ನೆನಪಾದವರು ಇಂಡಿ ಇಮಾಮಸಾಬ. ಅಜ್ಜನ ಜೋಡಿ ಪಲ್ಟನ್ನಿನಾಗ ಇದ್ದವರು. ನಾ ಸಣ್ಣಾಂವಿದ್ದಾಗ ಪ್ರತಿ ಮಾನಮಿ ಅಮಾಸಿಗೆ ನಮ್ಮನೀಗೆ ಬಂದು, ಬಾಗಲದಾಗ ನಿಂತು, "ಸತ್ತಾಂವ ಹ್ಯಾಂಗದಾನ ನೋಡಾಕ ಬಂದೆ" ಅಂತ ಒದರಿ, ಇಡೀ ಮನಿ ನಗಿಸಿ ಉಂಡು ಹೋಗ್ತಿದ್ರು. ಅವರೂ ತೀರಿಕೊಂಡ್ರು. ಮಗ ಖಾಜಾಸಾಬ ಇಂಡಿ ಪ್ಯಾಟ್ಯಾಗ ಲಿಂಬಿಹಣ್ಣಿನ ವ್ಯಾಪಾರ ಮಾಡ್ತಾರ, ಈಗ ಅವರೂ ಗಡ್ಡ ಬೆಳ್ಳಗಾದ ಮುದುಕರು.

ಹೋಗಿ ಕೇಳಿದ ಕೂಡ್ಲೆ ಖಾಜಾಸಾಬರು ಲಿಂಬಿ ಚೀಲದ ಮ್ಯಾಲ ಕುಂತಲ್ಲೇ ಹೊಟ್ಟಿ ಹಿಡಕೊಂಡು ನಕ್ಕರು.

"ಕುದುರೀನ? ಯಾರು ಹೇಳಿದ್ರಿ ಕಂಡಕ್ಟರ ಸಾಹೇಬ್ರ? ಅವರದು ಹೇಸರಗತ್ತಿ ಕಂಪನಿರಿ!"

"ಹೇಸರಗತ್ತಿ ಮ್ಯಾಲ ಕುಂತು ಯುದ್ಧಾ ಮಾಡಿದ್ರೇನು?"

"ಕೂಡೂದು ಎಲ್ಲಿ ಬಂತ್ರಿ! ಅದು ಹತ್ತಾಕ ಅಲ್ಲ, ಹೇರಾಕ. ಗಾಡಿ ಹೋಗದ ಗುಡ್ಡದಾಗ ನೀರು, ಹಿಟ್ಟು, ಗುಂಡು ಅದರ ಮ್ಯಾಲ ಹೇರಿ, ಹಗ್ಗ ಹಿಡಕೊಂಡು ಬಾಜೂಕ ನಡೀಬೇಕು. ಒಬ್ಬ ಮನಷಾಗ ಒಂದು ಹೇಸರಗತ್ತಿ. ಅದರ ಮ್ಯಾಲ ಕುಂತ್ರ ಶಿಕ್ಷಾ ಇತ್ತಂತ. ನಮ್ಮ ಅಬ್ಬಾ ಹೇಳ್ತಿದ್ರು, ಮಳ್ಯಾಗ, ಕೆಸರಾಗ, ಇಡೀ ಬರ್ಮಾ ದೇಶ ನಡದ್ವಿ ಅಂತ."

ನಡದ್ವಿ. ಭಾಳ ನಡದ್ವಿ. ಅಜ್ಜ ಒಂದೂ ಸುಳ್ಳು ಹೇಳಿದ್ದಿಲ್ಲ.

ಖಾಜಾಸಾಬರು ಲಿಂಬಿ ಶರಬತ್ತು ತರಿಸಿ ಮುಂದ ಹೇಳಿದ್ರು. ಅಡವ್ಯಾಗ ದುಶ್ಮನ್ ಸನೇಕ ಇದ್ದಾಗ ಹೇಸರಗತ್ತಿ ಒದರಿದ್ರ ಎಲ್ಲಾರ ಜೀವ ಹೋಗ್ತಿತ್ತು. ಅದಕ್ಕ ಆ ಮೂಕ ಪ್ರಾಣಿಗಳ ಗಂಟಲ ಕೊಯ್ದು ದನಿ ತಗದು ಕಳಿಸ್ತಿದ್ರಂತ. "ಒದರಾಕ ಬಾಯಿ ತಗೀತಿತ್ತಂತರಿ, ದನಿ ಬರ್ತಿದ್ದಿಲ್ಲಂತ. ನಿಮ್ಮಜ್ಜ ಅದನ್ನ ನೋಡಿ, 'ಇದಕ್ಕ ದನಿ ಇಲ್ಲ, ಇದರ ಮುಂದ ನಾ ಏನ್ ಒದರ್ಲಿ' ಅಂತ ತಾನೂ ಅದರ ಕಿವ್ಯಾಗ ಪಿಸುಗುಡಾಕ ಹತ್ತಿದನಂತ."

ನಾ ಶರಬತ್ತಿನ ಗ್ಲಾಸು ಕೆಳಗಿಟ್ಟೆ. ಊರ ಮಂದಿ ದೇವರ ದನಿ ಅಂದದ್ದು ಇದನ್ನ. ಖಾಜಾಸಾಬರು ಒಂದು ಲಿಂಬಿ ಎತ್ತಿ ಮೂಸಿ ನೋಡಿ ಹೊಳ್ಳಿ ಇಟ್ಟರು.

"ಇನ್ನೊಂದು ಐತಿ" ಅಂದ್ರು. "ಹೇಳಬೇಕೋ ಬ್ಯಾಡೋ. ನಿಮ್ಮ ಮನ್ಯಾಗ ತಪ್ಪು ತಿಳಕೊಂಡ್ರ?"

"ಹೇಳ್ರಿ, ಇಲ್ಲೀತನ ಬಂದೇನಿ."

"ಎಲ್ಲಾರೂ ತಮ್ಮ ತಮ್ಮ ಪ್ರಾಣಿಗೆ ಹೆಸರು ಇಟ್ಟುಕೊಂಡಿದ್ರಂತ. ನಮ್ಮ ಅಬ್ಬಾ ತಮ್ಮ ಹೇಸರಗತ್ತಿಗೆ ನವಾಬ ಅಂತಿದ್ರು. ನಿಮ್ಮಜ್ಜ ತನ್ನದಕ್ಕ ಪಾರೀ ಅಂತಿದ್ದ."

"ಪಾರೀ ಅಂದ್ರ?"

"ಅಂದ್ರ ಏನ್ರಿ, ನಿಮ್ಮಜ್ಜಿ!" ಅಂತ ಖಾಜಾಸಾಬರು ಮತ್ತ ನಗಾಕ ಹತ್ತಿದ್ರು. "ಗುಡ್ಡ ಏರಾಕ ಅದು ಹಟಾ ಮಾಡಿದ್ರ, ಕಿವ್ಯಾಗ 'ಪಾರೀ, ನಡಿಯs, ಊರು ಸನೇಕ ಬಂತು' ಅಂತಿದ್ದನಂತ. ಅದು ನಡೀತಿತ್ತಂತ. ಒಮ್ಮೆ ಒಬ್ಬ ಹವಾಲ್ದಾರ ಅದಕ್ಕ ಬೆತ್ತದಲೆ ಹೊಡದ. ನಿಮ್ಮಜ್ಜ ಅದ ಬೆತ್ತ ಕಸಕೊಂಡು ಹವಾಲ್ದಾರಗ ಕೊಟ್ಟ ನೋಡ್ರಿ! ಸಾಹೇಬನ ಮುಂದ ನಿಲ್ಲಿಸಿದ್ರು. 'ಯಾಕ ಹೊಡದಿ?' 'ಪಾರೀಗೆ ಹೊಡದ್ರಿ ಅಂವ.' 'ಪಾರಿ ಯಾರು?' 'ನನ್ನ ಹೇಣ್ತಿರಿ.' ಸಾಹೇಬ ಹವಾಲ್ದಾರನ ಕಡಿ ನೋಡಿ, 'ಇವನ ಹೇಣ್ತಿ ಇಲ್ಲಿ ಅಡವ್ಯಾಗ ಎಲ್ಲಿಂದ ಬಂದ್ಳು?' ಅಂದನಂತ. ಅದು ಬಗೀಹರಿಯೂತನಕ ಯುದ್ಧಾನ ನಿಂತಿತ್ತು ಅಂತ ಅಬ್ಬಾ ಹೇಳ್ತಿದ್ರು. ಕಡೀಕ ಬಟಾಟಿ ಸುಲಿಯೂ ಶಿಕ್ಷಾ ಆತು. ಹೊಳ್ಳಿ ಬರೂ ಮುಂದ ಅವನ್ನೆಲ್ಲಾ ಅಲ್ಲೇ ಬಿಟ್ಟು ಬರಬೇಕಾತು. ನಿಮ್ಮಜ್ಜ ಅದರ ಕೊರಳಿಗೆ ಬಿದ್ದು ಅತ್ತನಂತ."

ಹಿಂಗ, ಇಡೀ ಯುದ್ಧದಾಗ ನಮ್ಮಜ್ಜ ಕೈ ಎತ್ತಿದ್ದು ಒಬ್ಬನ ಮ್ಯಾಲ, ಅವನೂ ನಮ್ಮವನ. ನಾ ಸಾಲ್ಯಾಗ ಸಮುದ್ರದತನಕ ಓಡಿಸಿದ ಜಪಾನಿಗಳು ಅಲ್ಲೆಲ್ಲೋ ಕುಂತು ನಗಾಕತ್ತಿರಬೇಕು.

ಇಂಡಿಯಿಂದ ಮುದ್ದೇಬಿಹಾಳತನಕ ಬಸ್ಸಿನ್ಯಾಗ ನನಗ ಜೀವ ಇದ್ದಿಲ್ಲ. ಹೊಸಾ ಕಂಡಕ್ಟರ ಹುಡುಗ ಗುರುತು ಹಿಡದು ಮುಂದಿನ ಸೀಟು ಕೊಟ್ಟ, ಅದೂ ಹಿತಾ ಅನ್ನಿಸಲಿಲ್ಲ. ಅತ್ತಿ ಮುಂದ ಏನಂತ ಹೇಳ್ಲಿ? ಅವ್ವಗ ದೇವರ ಜಾಗಾ ಕೊಡಸು ಅಂತ ಕಳಿಸ್ಯಾಳ. "ಅತ್ತಿ, ನಿಮ್ಮಪ್ಪ ನಿಮ್ಮವ್ವನ ಹೆಸರು ಹೇಸರಗತ್ತಿಗೆ ಇಟ್ಟಿದ್ದ" ಅಂತ ಹೇಳಿದ್ರ ಆಕಿ ಏನಾದಾಳು? ಸಿಂದಗಿ ದಾಟೂದ್ರಾಗ ಆಕೀದ ಫೋನ್ ಬಂತು. "ಸಿಕ್ತೇನೋ?" "ಸಿಕ್ತು ಅತ್ತಿ." "ಕುದುರೀನಾ?" "ಅದರ ಪೈಕಿನ" ಅಂದು ಫೋನ್ ಇಟ್ಟೆ.

ಗಂಗತ್ತಿ ಪಡಸಾಲ್ಯಾಗ ಕುಂತು ಅವರಿ ಸುಲಿಯಾಕತ್ತಿದ್ಳು. ನಾ ನೀರು ಕುಡದು, ಬೆವರು ಒರಸಿಕೊಂಡು, ಎಲ್ಲಾ ಹೇಳಿದೆ. ಕಂಪನಿ ಹೇಳಿದೆ, ನಡದದ್ದು ಹೇಳಿದೆ, ಗಂಟಲ ಕೊಯ್ದದ್ದು ಹೇಳಿದೆ. ಹೆಸರಿಗೆ ಬಂದಾಗ ನೆಲಾ ನೋಡಿಕೋತ ಹೇಳಿದೆ. ಅತ್ತಿ ಕೈಯಾಗಿನ ಅವರಿಕಾಯಿ ಹಂಗ ನಿಂತಿತು.

"ಏನಂತಿದ್ದ?"

"ಸಿಟ್ಟಾಗಬ್ಯಾಡ ಅತ್ತಿ..."

"ಸಿಟ್ಟು ಯಾಕೋ ಹುಚ್ಚಪ್ಪ! ಏನಂತ ಕರೀತಿದ್ದ, ಇನ್ನೊಮ್ಮೆ ಹೇಳು."

"ಪಾರೀ."

ಆಕಿ ಕಣ್ಣಾಗ ಫಳಕ್ಕನ ನೀರು ಬಂತು. "ನಾ ಹುಟ್ಟಿ ಇಷ್ಟು ಮುದುಕಿ ಆಗೇನಿ, ನಮ್ಮಪ್ಪನ ಬಾಯಾಗ ನಮ್ಮವ್ವನ ಹೆಸರು ಒಮ್ಮೆನೂ ಕೇಳಿಲ್ಲೋ. ಮನೀಗೆ ಬಂದ್ರ ಬಾಗಲದಾಗ ನಿಂತು, 'ಯಾರದಾರ ಒಳಗ' ಅಂತಿದ್ದ. ಒಳಗ ಇರಾಕಿ ಆಕಿ ಒಬ್ಬಾಕೀನ! ನಮ್ಮವ್ವ ಸಾಯೂ ಮುಂದ ಏನಂದ್ಳು ಗೊತ್ತೇನು? 'ನನಗೊಂದು ಹೆಸರೈತಿ ಅನ್ನೂದ ನಿಮ್ಮಪ್ಪಗ ನೆನಪಿತ್ತೋ ಇಲ್ಲೋ' ಅಂದ್ಳು."

ನಮ್ಮ ಕಡಿ ಗಂಡಸರು ಹೇಣ್ತಿ ಹೆಸರು ಹಿಡದು ಕರಿಯೂ ಪದ್ಧತಿ ಇಲ್ಲ. 'ಏ', 'ಕೇಳಾಕತ್ತಿಯೇನ', 'ಯಾರದಾರ ಒಳಗ', ಇಷ್ಟರಾಗ ಒಂದು ಸಂಸಾರ ಮುಗೀತೈತಿ. ಮನ್ಯಾಗ ಹೇಳಾಕ ನಾಚಿದ ಹೆಸರನ್ನ ಅಜ್ಜ ಬರ್ಮಾ ಅಡವ್ಯಾಗ ಹೇಳಿ ಬಂದಿದ್ದ.

ಅತ್ತಿ ಸೆರಗಿಲೆ ಮಾರಿ ಒರಸಿಕೊಂಡು, ಏಕಾಏಕಿ ನಗಾಕ ಹತ್ತಿದ್ಳು. "ಪತ್ತಾರಗ ಹೇಳು. ಕುದುರಿ ತಗಿ, ಹೇಸರಗತ್ತಿ ಮಾಡು. ಅವ್ವನ್ನ ಅದರ ಮ್ಯಾಲ ಕೂಡಸು. ಅಪ್ಪ ಹಗ್ಗ ಹಿಡಕೊಂಡು ನಡೀಲಿ, ಅವಂಗ ರೂಢಿ ಐತಿ."

ಮೌನೇಶ ಪತ್ತಾರ ಹಣಿ ಹಣಿ ಬಡಕೊಂಡ. "ದೇವರಿಗೆ ಹೇಸರಗತ್ತಿ ವಾಹನ? ಅದರಾಗ ಹೆಣ್ಮಗಳು ಮ್ಯಾಲ, ಗಂಡಸು ಕೆಳಗ? ಮುತ್ತ್ಯಾನ ಕಾಲದಿಂದ ನಮ್ಮ ಮನ್ಯಾಗ ಯಾರೂ ಬಡದಿಲ್ರಿ ಇಂಥಾದ್ದು."

"ಹಿರ್ಯಾರು ಹ್ಯಾಂಗ ಬದುಕಿದ್ರೋ ಹಂಗ ಮಾಡ್ತೇನಿ ಅಂದಿದ್ರಿ. ಈಗ ಆಣಿ ಮಾಡಾಕ ತಯಾರದೇನಿ" ಅಂದೆ.

ಆತು ಅಂದ. ಅಜ್ಜಿ ಮಾರಿ ಹ್ಯಾಂಗಿತ್ತು ಅಂತ ಕೇಳಿದ. ಕೈತುಂಬ ಬಳಿ ಹಾಕ್ರಿ, ಸಾಕು ಅಂದೆ. ಕಿವಿ ಮಾತ್ರ ಭಾಳ ಉದ್ದ ಬಂದಾವ, ಹೇಸರಗತ್ತೀದು. ನೋಡಿದವರು ಮೊಲಾ ಏನ್ರಿ ಅಂತಾರ. ಪತ್ತಾರಗ ಹೇಳಿದ್ರ, "ಪಿಸುಮಾತು ಕೇಳಬೇಕಲ್ರಿ" ಅಂದ.

ಮಾನಮಿ ಅಮಾಸಿ ದಿನ ಅತ್ತಿ ಬಂದ್ಳು. ಖಾಜಾಸಾಬರೂ ಒಂದು ಚೀಲ ಲಿಂಬಿಹಣ್ಣು ಹಿಡಕೊಂಡು ಬಂದು, ಬಾಗಲದಾಗ ನಿಂತು, ಅವರಪ್ಪನ ಮಾತ ಒದರಿದ್ರು. ಅತ್ತಿ ಜಗಲಿ ಮುಂದ ಮೊಣಕಾಲು ಊರಿ, ಟಾಕಿನ ಮ್ಯಾಲ ಬೊಟ್ಟಿಲೆ ಸವರಿ, ಬಳಿ ಹುಡುಕಿ, ಸಿಕ್ಕ ಮ್ಯಾಲ ಕೈ ಮುಗದ್ಳು. ಅಜ್ಜನ ತಾಟಿನ ಬಾಜೂಕ ಅಜ್ಜೀದೊಂದು ಹೊಸಾ ತಾಟು. ಅದರಾಗ ಹೋಳಿಗಿ ಎರಡು ಜಾಸ್ತಿ. ಇಷ್ಟು ವರ್ಷದ ಬಾಕಿ ಅಂತ ನಮ್ಮ ಮನ್ಯಾಕಿ ಹಾಕಿದ್ದು.

ನಾ ಎದ್ದು ನಿಂತು, ಕಂಡಕ್ಟರ ದನಿ ತಗದು, ಎಲ್ಲಾ ಹಿರ್ಯಾರನ್ನ ಕರದೆ. ದ್ಯಾಮವ್ವಾ, ಏಳು, ಉಣ್ಣಾಕ ಬಾ. ಭೀಮಜ್ಜಾ, ಏಳು. ಅಜ್ಜಿ ಸರದಿ ಬಂತು. ಬಾಯಿ ತಗಿಯೂದ್ರಾಗ ಅತ್ತಿ ನನ್ನ ಧೋತರಾ ಹಿಡದು ಜಗ್ಗಿದ್ಳು.

"ಹಂಗ ಒದರಬ್ಯಾಡೋ. ನಿಮ್ಮಜ್ಜ ಕರದಂಗ ಕರಿ."

ನಾ ಬಗ್ಗಿ, ಆ ಉದ್ದ ಕಿವಿ ಸನೇಕ ಬಾಯಿ ಒಯ್ದು, "ಪಾರೀ, ಏಳs. ಊರು ಬಂತು. ಊಟಕ್ಕ ಬಾ" ಅಂತ ಪಿಸುಗುಟ್ಟಿದೆ. ಅತ್ತಿ ಅಳಾಕತ್ತಿದ್ಳೋ, ನಗಾಕತ್ತಿದ್ಳೋ, ಯಾವದು ಅಂತ ಹೇಳಾಕ ಬರಲಿಲ್ಲ. ಆಮ್ಯಾಲ ನಮ್ಮ ಮನ್ಯಾಗ ಕುಂತು ಹೊಟ್ಟಿತುಂಬ ಉಂಡ್ಳು.

ಎಲ್ಲಾರ ಊಟ ಆದ ಮ್ಯಾಲ ನಾ ತಾಟು ಎತ್ತಿಕೊಂಡು ಅಡಗಿಮನಿ ಬಾಗಲಕ್ಕ ಬಂದು, ರೂಢಿ ಪ್ರಕಾರ, "ಯಾರದಾರ ಒಳಗ?" ಅಂದೆ.

ನಮ್ಮ ಮನ್ಯಾಕಿ ಭಾಂಡಿ ತೊಳೆಯೂದು ನಿಲ್ಲಿಸಿ, ಹೊಳ್ಳಿ ಕೂಡ ನೋಡದ, "ನೀವೂ ಬರ್ಮಾಕ್ಕ ಹೋಗಿ ಬರೂದು ಬಾಕಿ ಐತೇನ್ರಿ?" ಅಂದ್ಳು.

ನಾ ಅಲ್ಲೇ ನಿಂತೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲಾ ಊರಿನ ಹೆಸರು ಒದರಿದ ಬಾಯಿಗೆ ಒಂದು ಹೆಸರು ಬರವೊಲ್ಲದು. ಪಡಸಾಲ್ಯಾಗ ಅತ್ತಿ, ಖಾಜಾಸಾಬರು ಮಾತು ನಿಲ್ಲಿಸಿ ಕಿವಿ ಕೊಟ್ಟಾರ ಅನ್ನೂದು ಗೊತ್ತಾತು. ಕಡೀಕ ಆಕಿ ಹಿಂದ ಹೋಗಿ ನಿಂತು, ಕಿವಿ ಸನೇಕ ಬಗ್ಗಿ, ಮೆತ್ತಗ ಅಂದೆ.

"ಶಾಂತಾ."

ಆಕಿ ಕೈಯಾಗಿನ ಭಾಂಡಿ ಕೆಳಗಿಟ್ಟು, ಸೆರಗಿಲೆ ಕೈ ಒರಸಿಕೊಂಡ್ಳು.

"ಕೇಳಿಸಲಿಲ್ರಿ" ಅಂದ್ಳು. "ಜೋರ್ ಹೇಳ್ರಿ."